ಸೂಜಿಯ ಮೇಲಿನ ಕೆಂಪು ಗೆರೆ

"ನನ್ನ ಗೆರಿ ಸರದೈತಿ. ಯಾರ ಮುಟ್ಟೀರಿ ಇದನ್ನ?"

ಗಡಹಿಂಗ್ಲಜದ ಬಯಲಿನಲ್ಲಿ ಬಿಸಿಲು ಇನ್ನೂ ಎಳೆಯದಾಗಿತ್ತು. ರುತುಜಾ ತನ್ನ ಮಾಡೆಲ್ ವಿಮಾನದ ಮೇಲೆ ಬಾಗಿದ್ದಳು. ಎಂಜಿನ್ನಿಗೆ ಹೋಗುವ ಇಂಧನವನ್ನು ಹೆಚ್ಚು ಕಡಿಮೆ ಮಾಡುವ ಕಾರ್ಬ್ಯುರೇಟರಿನ ಸೂಜಿಯಿಂದ ಪಕ್ಕದ ಲೋಹದವರೆಗೆ ಅವಳು ಉಗುರುಬಣ್ಣದಲ್ಲಿ ಎಳೆದಿದ್ದ ಕೆಂಪು ಗೆರೆ ಎರಡು ತುಂಡಾಗಿತ್ತು.

ಪ್ರೊಪೆಲ್ಲರ್ ಒರೆಸುತ್ತಿದ್ದ ಮಲ್ಲಾರಿಯ ಕೈ ನಿಂತಿತು. ಶಿರೋಳಿಯ ಫೌಂಡ್ರಿಯಲ್ಲಿ ಅಚ್ಚು ಮಾಡುವವನು. ರವಿವಾರ ಬಂತೆಂದರೆ ಈ ಬಯಲಿನಲ್ಲೇ ಇರುವವನು.

"ನಾನರಿ. ಹ್ವಾದ ರವಿವಾರ, ಹಾರಿಸೂಕಿಂತ ಮೊದಲ. ಎಂಟನೇ ಒಂದ ಸುತ್ತ ಬಿಚ್ಚಿದೆ."

ಅವಳ ಮುಖ ಕೆಂಪಾಯಿತು. ಸ್ಪಿರಿಟ್ಟಿನಲ್ಲಿ ಓಡುತ್ತಿದ್ದ ಎಂಜಿನ್ನನ್ನು ಪೆಟ್ರೋಲಿಗೆ ತರಲು ಎಂಟು ತಿಂಗಳು ಹಿಡಿದಿತ್ತು. ಪೆಟ್ರೋಲ್ ಬೇಕಾಗುವುದು ಸ್ಪಿರಿಟ್ಟಿನ ಅರ್ಧಕ್ಕಿಂತ ಕಡಿಮೆ. ಅದಕ್ಕೆಂದೇ ಹೊಸ ಸೂಜಿಯನ್ನು ಅವಳೇ ಸಣ್ಣಗೆ ಉಜ್ಜಿದ್ದಳು. ಹೋದ ವಾರ ಅದು ಮೊದಲ ಸಲ ಹಾರಿತ್ತು.

"ಕೊಲ್ಹಾಪುರದಿಂದ ಪೇಢಾ ಒಯ್ದು ಅಪ್ಪಗ ತಿನಿಸೇನಿ. ನಂದ ಸೆಟ್ಟಿಂಗ್ ಅಂತ ಹೇಳೇನಿ! ಬಿಚ್ಚಿದವರು ಗೆರಿ ಯಾಕ ಹಾಕಲಿಲ್ಲ?"

ಅವಳ ಅಪ್ಪ ತಮ್ಮಣ್ಣ ಇಚಲಕರಂಜಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುವ ಜಾಬರ್. ಮಗ್ಗದ ಬೋಲ್ಟು ತಿರುಗಿಸಿದವನು ತನ್ನ ಬಣ್ಣದ ಗೆರೆ ಎಳೆಯಲೇಬೇಕು, ಮುಂದಿನ ಪಾಳಿಯವನಿಗೆ ತಿಳಿಯಬೇಕು ಎನ್ನುವುದು ಅವರ ಕಟ್ಟಳೆ. ಗೆರೆಯಿಲ್ಲದೆ ತಿರುಗಿಸುವುದು ಅವರ ಮನೆಯಲ್ಲಿ ಕಳ್ಳತನ.

"ತಪ್ಪಾತ್ರಿ," ಎಂದ ಮಲ್ಲಾರಿ.

ರುತುಜಾ ಸೂಜಿಯನ್ನು ತನ್ನ ಗೆರೆಗೇ ತಂದು ಎಂಜಿನ್ ಚಾಲೂ ಮಾಡಿದಳು. "ಕೇಳ್ರಿ, ಹೆಂಗ ಹಾಡತೈತಿ!"

"ನೆಲದ ಮ್ಯಾಲ ಹಾಡತೈತಿ. ಮೂತಿ ಮ್ಯಾಲ ಮಾಡಿ ಹಿಡೀಲೇನ್ರಿ?"

"ಹಿಡೀರಿ."

ಅವನು ವಿಮಾನವನ್ನು ಆಕಾಶಕ್ಕೆ ಮುಖಮಾಡಿ ಎತ್ತಿದ. ಐದೇ ಸೆಕೆಂಡು. ದನಿ ತೆಳ್ಳಗಾಗಿ, ಎಂಜಿನ್ ಸತ್ತಿತು. ಏರುವಾಗ ಎಂಜಿನ್ ಪೆಟ್ರೋಲನ್ನು ಮೇಲಕ್ಕೆ ಎಳೆಯಬೇಕು, ಅದಕ್ಕೆ ಸೂಜಿ ಇನ್ನೊಂದಿಷ್ಟು ಬಿಚ್ಚಿರಬೇಕು. ಅವಳು ಮೇಜಿನ ಮೇಲಷ್ಟೇ ಪರೀಕ್ಷಿಸಿದ್ದಳು. ಅವನು ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಹಂಗ ನಿಲ್ರಿ. ಇಳಸಬ್ಯಾಡ್ರಿ," ಎಂದಳು.

ಕೂದಲೆಳೆಯಷ್ಟು ಬಿಚ್ಚಿದಳು. ಸತ್ತಿತು. ಇನ್ನಷ್ಟು. ಮತ್ತೆ ಸತ್ತಿತು. ಅವನ ತೋಳು ಸೋತರೂ ಕದಲಲಿಲ್ಲ, ಅವಳೂ ಬಿಡಲಿಲ್ಲ. ನಾಲ್ಕನೆಯ ಸಲ ದನಿ ಒಡೆಯದೆ ನಿಂತಿತು.

ಎಂಜಿನ್ ಬಂದ್ ಮಾಡಿ ಅಳೆದು ನೋಡಿದಳು. "ಹದಿನಾರನೇ ಒಂದ ಸುತ್ತ ಸಾಕಿತ್ತು. ನಿಮ್ಮದ ದುಪ್ಪಟ್ಟ ಆತು. ಇಂಥಾ ಕಿವಿ ಇದ್ದವರು ಯಾಕ ತಪ್ಪಿದ್ರಿ?"

"ಹೆದರಿ ಜಾಸ್ತಿ ಬಿಚ್ಚಿದೆ."

"ವಿಮಾನ ಬಿದ್ದೀತಂತ?"

"ಬಿದ್ದದ್ದನ್ನ ಮತ್ತ ಕಟ್ಟಬಹುದ. ಬಿದ್ದರ ನೀವು ರವಿವಾರ ಬರೂದ ಬಿಟ್ಟೀರಿ ಅಂತ."

ರುತುಜಾ ಎಂಜಿನ್ನಿನ ಸುತ್ತು ಎಣಿಸುವ ಟ್ಯಾಕೋಮೀಟರನ್ನು ಭಾಳ ಲಕ್ಷ್ಯಕೊಟ್ಟು ಓದಿದಳು. ಅದರಲ್ಲಿ ಸೊನ್ನೆ ಇತ್ತು.

"ನಾ ಬಿಡಾಕಿ ಅಲ್ರಿ."

"ನನ್ನ ತೋಳಿಗೆ ಗೊತ್ತಾಗೇತ್ರಿ."

ವಿಮಾನ ಕಬ್ಬಿನ ಗದ್ದೆಗಳ ಮೇಲೆ ನೆಟ್ಟಗೆ ಏರಿತು. ದನಿ ಎಲ್ಲೂ ಒಡೆಯಲಿಲ್ಲ. ಇಳಿದ ಮೇಲೆ ಅವಳು ಹಳೆಯ ಬಣ್ಣ ಕೆರೆದು ಹೊಸ ಕೆಂಪು ಗೆರೆ ಎಳೆದಳು. ಆಮೇಲೆ ಅವನ ಜೇಬಿನಲ್ಲಿದ್ದ ನೀಲಿ ಮಾರ್ಕರ್ ತೋರಿಸಿದಳು.

"ಈಗ ನೀವು."

"ಸೆಟ್ಟಿಂಗ್ ನಿಮ್ಮದಲ್ಲರೀ?"

"ಎತ್ತಿ ಹಿಡದವರ‍್ಯಾರು? ಹಾಕ್ರಿ. ಸಂಜಿಕ ಇಚಲಕರಂಜಿಗೆ ಬರ್ರಿ. ಅಪ್ಪಗ ಇದನ್ನ ತೋರಸ್ತೇನಿ. ನೀಲಿ ಗೆರಿ ಯಾರದಂತ ಕೇಳ್ತಾರ."

"ಏನಂತ ಹೇಳ್ಲಿ?"

"ಎಂಟನೇ ಒಂದ ಸುತ್ತ ಯಾಕ ಬಿಚ್ಚಿದ್ರಿ ಅಂತ. ನನಗ ಹೇಳಿದಂಗ ಹೇಳ್ರಿ."

ಅವನು ಮಾರ್ಕರಿನ ಮುಚ್ಚಳ ತೆಗೆದು, ಸೂಜಿಯನ್ನು ಬಿಟ್ಟು ಅವಳನ್ನೇ ನೋಡುತ್ತ ಎಳೆದ. ನೀಲಿ ಗೆರೆ ಸೊಟ್ಟಗಾಗಿ ಕೆಂಪನ್ನು ತಾಗಿತು. ಅವನು ಒರೆಸಲು ಹೋದಾಗ ಅವಳು ಕೈ ಹಿಡಿದಳು.

"ಇರಲಿ ಬಿಡ್ರಿ. ಈಗ ಯಾರೂ ಮುಟ್ಟೂದ ಬ್ಯಾಡ."