ಗ್ಯಾಲನ್ನಿಗೆ ಎಷ್ಟು ಮೈಲಿ?

"ಥೂ...!"

ಆ ಮನುಷ್ಯ ಉಗುಳಿದ್ದು ಸೀದಾ ಬಂದು ಗೊಲ್ಲಾಳಮ್ಮನ ಪಾದದ ಮೇಲೆ ಬಿತ್ತು.

ಕಕ್ಕೇರಾ ಊರಿನ ಹೊರಗೆ, ಬೇವಿನ ಮರದ ಕೆಳಗೆ, ಮಿಲಿಟರಿ ಬಣ್ಣದ ಹಳೆಯ ಮೋಟಾರ್ ಸೈಕಲ್ಲೊಂದು ನಿಂತಿತ್ತು. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತವನ ಬಾಯಲ್ಲಿ ರಬ್ಬರ್ ಕೊಳವೆ. ಟಾಕಿಯೊಳಗಿನ ಪೆಟ್ರೋಲನ್ನು ಬಾಯಿಂದ ಎಳೆದು ಸೀಸೆಗೆ ಇಳಿಸುತ್ತಿದ್ದ. ಒಂದು ಗುಟುಕು ಬಾಯೊಳಗೇ ಬಂದಿತ್ತು.

"ಛೀ! ಕಣ್ಣು ಕಾಣ್ತಾವೋ ಇಲ್ಲೋ ನಿಮಗ?"

ಅವನು ಗಾಬರಿಯಿಂದ ಎದ್ದ. ಮೀಸೆ ಒದ್ದೆ, ಗದ್ದದ ಮೇಲೆ ಎಣ್ಣೆಯ ಗೆರೆ, ಉಗುರಿನ ಸಂದಿಯಲ್ಲೆಲ್ಲ ಕಪ್ಪು.

"ತಪ್ಪಾತ್ರಿ... ನೋಡ್ಲಿಲ್ಲ. ಶಹಾಪುರದಿಂದ ಇಲ್ಲೀತನ ಎಷ್ಟು ಕುಡೀತು ಅಂತ ಅಳೀಲಿಕತ್ತಿದ್ದೆ."

"ಯಾರು ಕುಡದ್ರು? ನೀವೋ, ಗಾಡೀನೋ?"

ಉತ್ತರಕ್ಕೆ ಕಾಯದೆ ಅವಳು ಮೂಗಿಗೆ ಸೆರಗು ಹಿಡಿದು ಹೊರಟೇ ಬಿಟ್ಟಳು. ಬಾವಿಕಟ್ಟೆಯ ಮೇಲೆ ಎಷ್ಟು ಸಲ ಕಾಲು ತಿಕ್ಕಿದರೂ ಆ ವಾಸನೆ ಹೋಗಲಿಲ್ಲ.

'ಎಂಥಾ ಹೊಲಸು ಮನುಷ್ಯ! ಇಂಥವನನ್ನು ಕಟ್ಟಿಕೊಂಡವಳ ಗತಿ ಏನು?'

ಆ ಸಂಜೆಯೇ ಅವಳಿಗೆ ಗೊತ್ತಾಯಿತು. ತಲೆ ತಗ್ಗಿಸಿ ಅವಲಕ್ಕಿಯ ತಾಟು ಹಿಡಿದು ಪಡಸಾಲೆಗೆ ಬಂದಾಗ, ಅವಳನ್ನು ನೋಡಲು ಬಂದ ವರನ ಕಡೆಯಿಂದ ಅದೇ ವಾಸನೆ ತೇಲಿ ಬಂತು!

ಅವನ ಹೆಸರು ಹಂಪಣ್ಣ. ಶಹಾಪುರದಲ್ಲಿ ಬಟ್ಟೆ ಅಂಗಡಿ. ಸುತ್ತಲಿನ ಸಂತೆಗಳಿಗೆ ಮೋಟಾರ್ ಸೈಕಲ್ ಮೇಲೆ ಗಂಟು ಹೊತ್ತು ಹೋಗುವವನು. ಅಪ್ಪನಿಗೆ ಮನೆತನ ಹಿಡಿಸಿತು. ಗೊಲ್ಲಾಳಮ್ಮನನ್ನು ಯಾರೂ ಕೇಳಲಿಲ್ಲ.

ನಿಜಾಮನ ಆಳ್ವಿಕೆ ಮುಗಿದು ಉರ್ದು ಸಾಲೆಗಳೆಲ್ಲ ಕನ್ನಡ ಸಾಲೆಗಳಾಗುತ್ತಿದ್ದ ಕಾಲ ಅದು. ಪೆಟ್ರೋಲು ಸರ್ಕಾರ ಕೊಡುವ ಚೀಟಿಯ ಮೇಲೆ, ತಿಂಗಳಿಗೆ ಇಷ್ಟೇ ಎಂದು, ಯಾದಗಿರಿಯಲ್ಲಿ ಮಾತ್ರ ಸಿಗುತ್ತಿತ್ತು. ಹಾಗಾಗಿ ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಗೊಲ್ಲಾಳಮ್ಮ ಕಂಡ ದೇವರು ಒಂದೇ... ಆ ಮೋಟಾರ್ ಸೈಕಲ್ಲು!

ದಿನಾ ಸಂಜೆ ಹಂಪಣ್ಣ ಅಂಗಳಕ್ಕೆ ಬರುವುದೇ ತಡ, ಟಾಕಿಯ ಮುಚ್ಚಳ ತೆಗೆದು ಬಿದಿರಿನ ಸೀಳೊಂದನ್ನು ಒಳಗೆ ಇಳಿಬಿಡುತ್ತಿದ್ದ. ಎಲ್ಲಿಯ ತನಕ ಒದ್ದೆಯಾಗಿದೆಯೆಂದು ಕಣ್ಣ ಹತ್ತಿರ ಹಿಡಿದು ನೋಡಿ, ಧೋತರಕ್ಕೆ ಒರೆಸುತ್ತಿದ್ದ. ಅದೇ ಧೋತರ ಅವಳೇ ಒಗೆಯಬೇಕು. ಅದೇ ಕೈಯಿಂದ ಅವನು ರೊಟ್ಟಿ ಮುರಿಯುತ್ತಿದ್ದ.

"ಇವತ್ತ ಗ್ಯಾಲನ್ನಿಗೆ ಐದು ಮೈಲಿ ಹೆಚ್ಚು ಓಡ್ಯಾದ ನೋಡು!" ಅಂತ ಊಟಕ್ಕೆ ಕೂತು ಮುಖ ಅರಳಿಸುತ್ತಿದ್ದ.

'ಒಮ್ಮೆಯಾದರೂ ಊಟ ಮಾಡಿದೆಯಾ ಅಂತ ಕೇಳಿದನೇ?' ಒಂದು ದಿನ ಊಟದಿಂದ ಎದ್ದು ಹಿತ್ತಲಿಗೆ ಓಡಿ ವಾಂತಿಯೇ ಮಾಡಿಕೊಂಡಳು.

ಅತ್ತೆ ಅಯ್ಯಮ್ಮ ಹಿಗ್ಗಿ ಬೆನ್ನು ಸವರಿದಳು. "ನಮ್ಮವ್ವ! ಎಷ್ಟನೇ ತಿಂಗಳಾ?"

"ತಿಂಗಳೂ ಇಲ್ಲ, ಏನೂ ಇಲ್ರಿ ಅತ್ತಿ! ನಿಮ್ಮ ಮಗನ ಪೆಟ್ರೋಲ್ ವಾಸನಿ!"

ಅವನ ಜೊತೆ ಹೊರಗೆ ಹೋಗುವುದಂತೂ ಇನ್ನೂ ಅಸಹ್ಯ. ಇಳಿಜಾರು ಬಂದರೆ ಇಂಜಿನ್ ಬಂದ್ ಮಾಡಿ ಸುಮ್ಮನೆ ಗಾಡಿ ಬಿಡುತ್ತಿದ್ದ. ಏರು ಬಂದರೆ, "ಸ್ವಲ್ಪ ಇಳೀತಿಯೇನು?" ಎನ್ನುತ್ತಿದ್ದ. ರೇಷ್ಮೆ ಸೀರೆ ಉಟ್ಟು ಧೂಳಿನಲ್ಲಿ ನಡೆಯುವ ಹೊಸ ಮದುವಣಗಿತ್ತಿಯನ್ನು ನೋಡಿ ಚಕ್ಕಡಿಯವರು ನಗುತ್ತಿದ್ದರು.

ಅವನು ಸರಿಯಾಗಿ ಮಾತಾಡಿದ್ದು ಒಂದೇ ದಿನ. ಅಂಗಳದಲ್ಲಿ ಕೂತು ಅವಳು ಪಕ್ಕದ ಮನೆಯ ಕೂಸಿಗೆ ನೆಲದ ಮೇಲೆ ಅಕ್ಷರ ತಿದ್ದಿಸುತ್ತಿದ್ದಳು.

"ಭಾಳ ಚಂದ ಕಲಸ್ತಿ. ಮಾಸ್ತರಣಿ ಆಗಬೇಕಂತಿದ್ದೇನು?"

"ಇಲ್ಲೇ ಶಿರವಾಳದಾಗ ಹೆಣ್ಣುಹುಡುಗ್ಯಾರಿಗೆ ಕನ್ನಡ ಸಾಲಿ ತೆರಿಯಾವ್ರಿದ್ರು. ಸಾಲಿ ಇನ್ಸ್‌ಪೆಕ್ಟರ್ ಸಾಹೇಬ್ರು ಕಲಿಸಾಕ ಬಾ ಅಂದಿದ್ರು. ಅಪ್ಪ ಒಲ್ಲೆ ಅಂದ. ಎರಡು ದಿನ ಅತ್ತೆ... ಬಿಡ್ರಿ, ಮುಗೀತು."

ಹಂಪಣ್ಣ ಎದ್ದು ಹೋಗಿ ಟಾಕಿಯ ಮುಚ್ಚಳ ತೆಗೆದ.

'ಕಲ್ಲು! ಇವನ ಎದೆಯಲ್ಲೂ ಪೆಟ್ರೋಲೇ ಹರಿಯುತ್ತಿರಬೇಕು!'

ಅಂದಿನಿಂದ ಅವನ ಹುಚ್ಚು ಇನ್ನೂ ಹೆಚ್ಚಾಯಿತು. ಮುಂಜಾನೆ ಎಲ್ಲಿಗೋ ಹೋಗಿ ಬರುತ್ತಿದ್ದ. ಗಾಡಿಯ ಹಿಂದಿನ ಸೀಟಿಗೆ ಜೋಳದ ಚೀಲ ಕಟ್ಟಿಕೊಂಡು ಹೋಗಿ, ಅದೇ ಚೀಲದೊಂದಿಗೆ ತಿರುಗಿ ಬರುತ್ತಿದ್ದ. ಮಾರುವುದಿಲ್ಲ, ಬೀಸುವುದಿಲ್ಲ... ಯಾಕೆ ಅಂತ ಕೇಳಿದರೆ, "ಸುಮ್ಮ" ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಅವಳು ಚಹಾ ತೆಗೆದುಕೊಂಡು ಅಂಗಡಿಯ ಹಿಂದಕ್ಕೆ ಬಂದಳು. ಗಾಡಿ ರಿಪೇರಿ ಮಾಡುವ ಮನ್ಸೂರಅಲಿಯೊಂದಿಗೆ ಗಂಡ ಮಾತಾಡುವುದು ಕೇಳಿಸಿತು.

"ಗೊಲ್ಲಾಳಿ ಹಿಂದ ಕೂತ್ರ ಗ್ಯಾಲನ್ನಿಗೆ ಹತ್ತು ಮೈಲಿ ಕಡಿಮಿ ಆಗ್ತದ ಮನ್ಸೂರಭಾಯಿ. ಹೆಂಗ್ ಮಾಡಿದ್ರೂ ಲೆಕ್ಕ ಕೂಡವಲ್ದು."

"ಭಾಳ ಖರ್ಚಿನ ದುಲ್ಹನ್ ತಂದೀ ಭಾಯಿ!" ಮನ್ಸೂರಅಲಿ ನಕ್ಕ. "ಚೀಲಾನೇ ಆಕಿಗಿಂತ ಹಗೂರ ಇತ್ತೇನು?"

"ಹೂಂ. ಚೀಲಕ್ಕ ಇನ್ನೊಂದೀಟು ಜೋಳ ಹಾಕಬೇಕಾಗ್ಯಾದ."

ಗೊಲ್ಲಾಳಮ್ಮನ ಕಿವಿಗಳೆರಡೂ ಕಾದು ಕೆಂಪಾದವು.

'ನನ್ನನ್ನು ತೂಗಿದನಾ? ಜೋಳದ ಚೀಲದ ಜೊತೆ... ಕಂಡವರ ಮುಂದೆ!'

ಇಷ್ಟು ದಿನ ಬಂದ ಹೇಸಿಗೆ ಬರೀ ಮೂಗಿನದು. ಇದು ಎದೆಯ ಒಳಗಿನಿಂದ ಎದ್ದು ಬಂತು. ಅವನು ಮುಟ್ಟಿದ ತಾಟು, ಅವನು ಕೂತ ಚಾಪೆ, ಅವನು ತಂದ ಸೀರೆ... ಎಲ್ಲವೂ ಅಂಟಂಟಾಗಿ ಕಂಡವು. ಚಹಾ ಅಲ್ಲೇ ಇಟ್ಟು ಒಳಗೆ ಹೋದಳು.

"ಅತ್ತಿ, ನಾ ಕಕ್ಕೇರಾಕ್ಕ ಹೋಗ್ತೀನ್ರಿ."

"ಯಾಕವ್ವ? ಎಷ್ಟು ದಿನಕ್ಕ?"

"ನನ್ನ ಭಾರ ತಡಿಯೋರು ಸಿಗೋತನ."

ಹಂಪಣ್ಣ ಓಡಿ ಬರುವಷ್ಟರಲ್ಲಿ ಅವಳು, ಹತ್ತಿಮೂಟೆ ಹೇರಿಕೊಂಡು ಕಕ್ಕೇರಾ ದಾರಿಯ ಸುರಪುರಕ್ಕೆ ಹೊರಟ ಚಕ್ಕಡಿ ಹತ್ತಿದ್ದಳು. "ಗೊಲ್ಲಾಳಿ! ಏನಾತು ಹೇಳರ ಹೇಳು!" ಎಂದು ಅವನು ಕೂಗಿದ. ಅವಳು ತಿರುಗಿ ನೋಡಲಿಲ್ಲ.

ತವರಿನಲ್ಲಿ ದಿನಗಳು ಉರುಳಿದವು. ವಾಸನೆ ಇರಲಿಲ್ಲ, ಕಪ್ಪು ಉಗುರುಗಳಿರಲಿಲ್ಲ. ಆದರೂ ದೂರದಲ್ಲಿ ಎಲ್ಲಿಯಾದರೂ ಗಾಡಿಯ ಸದ್ದು ಕೇಳಿದರೆ ಅವಳ ಕೈ ತಾನೇ ತಾನಾಗಿ ನಿಲ್ಲುತ್ತಿತ್ತು. ಅದಕ್ಕೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಅವನು ಬಂದಾಗ ಸದ್ದೇ ಆಗಲಿಲ್ಲ.

ಉರಿಬಿಸಿಲಿನಲ್ಲಿ ಅಂಗಳದ ಬಾಗಿಲಿಗೆ ಬಾಡಿಗೆ ಸೈಕಲ್ಲೊಂದು ಒರಗಿತು. ಹಂಪಣ್ಣ! ಅಂಗಿ ಬೆವರಿಗೆ ಮೈಗಂಟಿತ್ತು, ಮೊಣಕಾಲಿನ ತನಕ ಧೂಳು.

ಅವಳು ಬಾಗಿಲಲ್ಲೇ ನಿಂತು ಕೇಳಿದಳು. "ಗಾಡಿ ಎಲ್ಲದ?"

"ಮನ್ಯಾಗ."

"ಕೆಟ್ಟದೇನು?"

"ಇಲ್ಲ... ಗಾಡಿ ಎಣ್ಣಿ ಉಳಸಬೇಕಿತ್ತು."

"ಹೆಂಡ್ತೀನ ಕರಿಯಾಕ ಬರೋದಕ್ಕೂ ಎಣ್ಣಿ ಉಳಸ್ತೀರಿ! ಛೀ... ನಿಮ್ಮ ಮಾರಿ ನೋಡಾಕ ಹೇಸಿಕಿ ಬರ್ತದ. ಹೋಗ್ರಿ! ಜೋಳದ ಚೀಲಕ್ಕೇ ತಾಳಿ ಕಟ್ಟಿ ಸಂಸಾರ ಮಾಡ್ರಿ!"

ಬಾಗಿಲು ಹಾಕಲು ಹೋದಳು.

"ಶಿರವಾಳಕ್ಕ ಉಳಸೇನಿ ಗೊಲ್ಲಾಳಿ."

ಅವಳ ಕೈ ಬಾಗಿಲ ಮೇಲೆಯೇ ನಿಂತಿತು.

"ಇನ್ಸ್‌ಪೆಕ್ಟರ್ ಸಾಹೇಬ್ರ ಹತ್ರ ಹೋಗಿದ್ದೆ. ಜಾಗಾ ಇನ್ನಾ ಖಾಲಿ ಅದಂತ. ದಿನಾ ತಪ್ಪದ ಬರೋದಾದ್ರ ಬರ್ಲಿ ಅಂದ್ರು. ಅಲ್ಲಿಗಿ ಬಸ್ಸಿಲ್ಲ. ಚಕ್ಕಡ್ಯಾಗ ಹೋದ್ರ ಅರ್ಧಾ ದಿನ ದಾರ್ಯಾಗೇ ಹೋಗ್ತದ. ನಾನೇ ಬಿಟ್ಟು ಬರಬೇಕು, ನಾನೇ ಕರಕೊಂಡು ಬರಬೇಕು. ಚೀಟಿ ಮ್ಯಾಲ ಕೊಡೋ ಎಣ್ಣಿ ತಿಂಗಳತನಾ ಸಾಲ್ತದೋ ಇಲ್ಲೋ... ಅದನ್ನೇ ದಿನಾ ನೋಡಾಕತ್ತಿದ್ದೆ."

"ಮತ್ತ... ಆ ಚೀಲ?"

"ನಿನ್ನಷ್ಟು ತೂಕ ಹಿಂದಿದ್ರ ಖರೇ ಲೆಕ್ಕ ಸಿಗ್ತದ. ನಿನ್ನೇ ಕೂಡಿಸಿಕೊಂಡು ಹೋದ್ರ, ದಿನಾ ಎಲ್ಲಿಗಿ ಅಂತ ಕೇಳ್ತಿದ್ದಿ."

"ಕೇಳಿದ್ರ ಹೇಳಬೇಕಿತ್ತು!" ಅವಳ ಧ್ವನಿ ಒಡೆಯಿತು. "ಬಾಯಿ ಇರೋದು ಪೆಟ್ರೋಲ್ ಎಳಿಯಾಕ ಅಷ್ಟೇ ಏನು?"

ಹಂಪಣ್ಣ ನೆಲ ನೋಡಿದ. "ಸಾಲದಿದ್ರ? ನಿಮ್ಮಪ್ಪ ಒಲ್ಲೆ ಅಂದಾಗ ಎರಡು ದಿನ ಅತ್ತೆ ಅಂದಿ. ಆಸೆ ಹಚ್ಚಿ, ಮತ್ತ ನಾನೂ ಇಲ್ಲ ಅಂದ್ರ... ನಂಗ ಧೈರ್ಯ ಆಗ್ಲಿಲ್ಲ."

ಗೊಲ್ಲಾಳಮ್ಮ ಬಾಗಿಲಿಗೆ ಒರಗಿದಳು. ಕಣ್ಣೀರು ತಡೆಯದೆ ಇಳಿಯಿತು. ಆ ಕ್ಷಣ ಅವಳಿಗೆ ಹೇಸಿಗೆ ಬಂದದ್ದು ತನ್ನ ನಾಲಿಗೆಯ ಬಗ್ಗೆ. ಎಷ್ಟೊಂದು ಅಂದುಕೊಂಡಿದ್ದೆ... ಎಷ್ಟೊಂದು ಅಂದುಬಿಟ್ಟೆ!

ಆದರೂ ಸಿಟ್ಟು ಪೂರ್ತಿ ಇಳಿಯಲಿಲ್ಲ.

"ಮನ್ಸೂರಭಾಯಿ ಮುಂದ ನನ್ನ ತೂಕ ಹೇಳಿದ್ದು ಮಾತ್ರ ತಪ್ಪು."

"ತಪ್ಪು. ಖರೇನೇ ತಪ್ಪು."

"ಇನ್ನ ಮ್ಯಾಲ ನನ್ನ ಬದುಕಿನ ಲೆಕ್ಕ ನನ್ನ ಬಿಟ್ಟು ಮಾಡಬಾರ್ದು."

"ಮಾಡಂಗಿಲ್ಲ."

ಅವಳು ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಅವನು ಗಟಗಟನೆ ಕುಡಿಯುವುದನ್ನು ನೋಡುತ್ತಾ ಮೆಲ್ಲನೆ ಕೇಳಿದಳು.

"ಸಾಲ್ತದೇನು ಎಣ್ಣಿ?"

"ನಾ ಸಂತಿಗೆ ಗಾಡಿ ಒಯ್ಯಲಿಲ್ಲಂದ್ರ ಸಾಲ್ತದ. ಅದಕ್ಕೇ ಸೈಕಲ್ ರೂಢಿ ಮಾಡಾಕತ್ತೇನಿ."

"ಬಟ್ಟಿ ಗಂಟು ಹೇರಿಕೊಂಡು ಸೈಕಲ್ ತುಳೀತೀರಿ? ನಾ ಒಲ್ಲೆ! ಸಂತಿ ಹಿಂದಿನ ಸಂಜಿ ನಾ ಮನಿಗೆ ಬರದ ಶಿರವಾಳದಾಗೇ ಉಳೀತೀನಿ. ಅಲ್ಲಿ ನಮ್ಮ ಸೋದರತ್ತಿ ಮನಿ ಅದ. ಆ ಎಣ್ಣಿ ಉಳೀತದ, ಗಾಡಿ ನೀವು ಸಂತಿಗೆ ಒಯ್ರಿ."

ಹಂಪಣ್ಣ ಕಣ್ಣರಳಿಸಿದ. ಅಷ್ಟು ದಿನ ಬಿದಿರಿನ ಸೀಳು ಹಿಡಿದು ತಿಣುಕಿದರೂ ಅವನಿಗೆ ಹೊಳೆಯದ ದಾರಿ!

"ಇದು ನಂಗ್ಯಾಕ ತಿಳೀಲಿಲ್ಲ?"

"ನನ್ನ ಕೇಳಿದ್ರ ತಿಳೀತಿತ್ತು."

ಇಬ್ಬರೂ ನಕ್ಕರು. ಮದುವೆಯಾದ ಮೇಲೆ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಅವನು ಹಿಂಜರಿಯುತ್ತಾ ಕೈ ಚಾಚಿದ. ಉಗುರಿನ ಸಂದಿಯ ಕಪ್ಪು ಇನ್ನೂ ಹಾಗೇ ಇತ್ತು. ಅವಳು ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಒಂದು ಮಾತು ಕೇಳ್ತೀನಿ. ಹೆಂಗ್ ಮಾಡಿದ್ರೂ ಎಣ್ಣಿ ಸಾಲದೇ ಹೋಗಿದ್ರ ಏನ್ ಮಾಡ್ತಿದ್ರಿ?"

"ಅಂಗಡಿ ಕಿತ್ತು ಶಿರವಾಳದಾಗ ಹಾಕ್ತಿದ್ದೆ."

"ನಿಮ್ಮಪ್ಪನ ಕಾಲದ ಅಂಗಡಿ! ಒಂದು ಸಾಲಿ ಸಲುವಾಗಿ?"

"ಸಾಲಿ ಸಲುವಾಗಿ ಅಲ್ಲ, ಹುಚ್ಚಿ..." ಹಂಪಣ್ಣನ ಧ್ವನಿ ಸಣ್ಣದಾಯಿತು. "ಆ ಕೂಸಿಗೆ ಅಕ್ಷರ ತಿದ್ದಸುವಾಗ ನಿನ್ನ ಮಾರಿ ನೋಡಿದ್ದೆ. ಆ ಮಾರಿ ದಿನಾ ನೋಡಬೇಕು ನಾ."