ನಮೂನೆಯ ನಾಲ್ಕು ಕಾಲಮ್ಮು

ಮೇಘಾಳ ಕಣ್ಣಿಗೆ ಟಾರ್ಚು ಬಿಟ್ಟೆ. ಪಾಪೆ ಕದಲಲಿಲ್ಲ.

ಸಾಸಿವೆ ಕಾಳಿನಷ್ಟೇ ಇತ್ತು!

ನಾಡಿ ನಿಮಿಷಕ್ಕೆ ನಲವತ್ತೆಂಟು. ಎದೆಯೊಳಗೆ ಗೊರಗೊರ ಸದ್ದು. ಬಾಗಿಲಲ್ಲಿ ಮುಖ್ಯೋಪಾಧ್ಯಾಯ ಭೀಮಶಿಯವರು ಟಿ.ಸಿ. ಪುಸ್ತಕ ಹಿಡಿದು ನಿಂತಿದ್ದರು.

“ನಶೆ ಅಂತ ಬರೀರಿ, ಸಿಸ್ಟರ. ಅವರಪ್ಪ ಬಂದು ಕರಕೊಂಡ ಹೋಗಲಿ. ನಾಳೆ ತಪಾಸಣೆ ಐತಿ.”

ನಾನು ಯಶೋಧರಾ. ದಡ್ಡಿ ರಸ್ತೆಯ ಹೆಣ್ಣುಮಕ್ಕಳ ವಸತಿ ಶಾಲೆಯ ನರ್ಸು. ನಶೆಯ ಶಂಕೆ ಬಂದ ವಿದ್ಯಾರ್ಥಿನಿಯನ್ನು ಪರೀಕ್ಷಿಸಲು ನನಗೊಂದು ನಮೂನೆ ಕೊಟ್ಟಿದ್ದಾರೆ. ಕಣ್ಣು, ನಾಡಿ, ಉಸಿರು, ವಾಸನೆ. ನಾಲ್ಕು ಕಾಲಮ್ಮು, ಕೆಳಗೆ ನನ್ನ ಸಹಿ.

ಎರಡು ವರ್ಷದ ಹಿಂದೆ ಇದೇ ಮಂಚದ ಮೇಲೆ ಆಮ್ರಪಾಲಿ ಮಲಗಿದ್ದಳು. ಹದಿಮೂರು ವರ್ಷದವಳು, ಇನ್ನೂ ಮಾತಾಡುವಷ್ಟು ಎಚ್ಚರವಿತ್ತು. ಇಂಥದೇ ಪಾಪೆ, ಮೈಯಿಂದ ಘಾಟು. ಏನನ್ನೋ ಮೂಸುವ ಚಟ ಎಂದು ತೀರ್ಮಾನಿಸಿ ‘ನಶೆ’ ಎಂದು ಬರೆದವಳು ನಾನೇ! ತಾಯಿ ಸತ್ತೆವ್ವ ಅವಳನ್ನು ಬಸ್ಸಿನಲ್ಲಿ ಮೂಡಲಗಿಗೆ ಕರೆದೊಯ್ದಳು. ಗೋಕಾಕ ದಾಟುವುದರೊಳಗೆ ಹುಡುಗಿಯ ಉಸಿರು ನಿಂತಿತು. ನಾಚಿಕೆಗೆ ಅಂಜಿ ಮನೆಯವರು ಯಾರಿಗೂ ತೋರಿಸದೆ ಮಣ್ಣು ಮಾಡಿದರು.

ಅಂದಿನಿಂದ ಆ ಘಾಟು ನನ್ನನ್ನು ಬಿಟ್ಟಿಲ್ಲ. ಊಟದ ತಟ್ಟೆಯಲ್ಲಿ... ಒಗೆದ ಸೀರೆಯಲ್ಲಿ...

ಈಗ ಮತ್ತೆ ಬಂತು. ಮೇಘಾಳ ಬಾಯಿಂದಲ್ಲ. ಕೂದಲಿಂದ!

ಇನ್ನೊಮ್ಮೆ ನೋಡಿದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು. ಕೆನ್ನೆ ತಾನಾಗಿ ಅದುರುತ್ತಿತ್ತು. ಅಫೀಮೂ ಪಾಪೆಯನ್ನು ಕಿರಿದಾಗಿಸುತ್ತದೆ, ನಿಜ. ಆದರೆ ಅದು ಮೈಯನ್ನು ಹೀಗೆ ಸೋರಿಸುವುದಿಲ್ಲ.

ಅಡುಗೆಯ ಉದ್ದವ್ವನನ್ನು ಕೂಗಿ ಕರೆದೆ.

“ಇವಳ ತಲಿಗೆ ಏನ ಹಚ್ಚೀ?”

“ಹೇನು ಭಾಳ ಆಗಿದ್ವುರಿ, ಅಕ್ಕಾರ. ತಪಾಸಣೆಗೆ ಒಂದೂ ಕಾಣಬಾರದು ಅಂದ್ರು ಸರ್. ಬೆಳಿಗೆ ಹೊಡಿಯೋ ಔಷಧ ಹಚ್ಚಿ ಅರಿವಿ ಕಟ್ಟಿದ್ದೆ. ಇವತ್ತ ಇವಳೊಬ್ಬಾಕಿಗೇ. ನಮ್ಮೂರಾಗ ಎಲ್ಲಾರೂ ಹಚ್ಚತಾರ.”

“ಆಮ್ರಪಾಲಿಗೆ?”

ಉದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೇನಿಗೆ ಅಂಜಿ ಮಗುವನ್ನೇ ಹೊರಗೆ ಹಾಕುವ ಇದೆಂಥ ಶಾಲೆ? ಕೈಗವಸು ಹಾಕಿ, ಮೇಘಾಳ ಬಟ್ಟೆ ಕಳಚಿ, ತಲೆಯನ್ನು ಸೋಪಿನಿಂದ ಮತ್ತೆ ಮತ್ತೆ ತೊಳೆದೆ. ಭೀಮಶಿಯವರು ಗೇಟಿಗೆ ಬೀಗ ಜಡಿಸಿ ಬಂದಿದ್ದರು. ಸುದ್ದಿ ಹೊರಗೆ ಹೋದರೆ ನನ್ನ ನೌಕರಿ ಇರುವುದಿಲ್ಲ ಎಂದರು.

ಘಾಟು ನಾರುವ ಕೈಗವಸನ್ನು ಅವರ ಮೂಗಿನ ಹತ್ತಿರ ಒಯ್ದೆ.

“ಕೀಲಿ ಕೊಡ್ರಿ, ಸರ್. ಇಲ್ಲಾಂದ್ರ ಈ ಕೈ ನಿಮ್ಮ ಮಾರಿಗೆ ಒರಸತೇನಿ. ಬರೇ ಔಷಧ ಅಲ್ಲೇನ್ರಿ?”

ಕೀಲಿ ಕೊಟ್ಟರು.

ಚಾಲಕ ಮಾಳಪ್ಪ ಹುಕ್ಕೇರಿಯ ದಾರಿಯಲ್ಲಿ ಜೀಪನ್ನು ಹಾರಿಸಿದ. ಮೇಘಾಳನ್ನು ಮಗ್ಗುಲಿಗೆ ಹೊರಳಿಸಿ ಉಸಿರು ಎಣಿಸಿದೆ. ನಿಮಿಷಕ್ಕೆ ಹತ್ತು... ಎಂಟು... ಆರು... ಪಕ್ಕದಲ್ಲಿ ಆಮ್ರಪಾಲಿಯೂ ಕುಳಿತು ಎಣಿಸುತ್ತಿರುವಂತೆ ಅನಿಸಿತು.

ಆಸ್ಪತ್ರೆಯ ಬಾಗಿಲಲ್ಲೇ ಹೇಳಿದೆ: ನಶೆಯಲ್ಲ, ಕೀಟನಾಶಕ. ಡಾಕ್ಟರು ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಚುಚ್ಚಿದರು. ಮೂರನೆಯ ಸೂಜಿಗೆ ಎದೆಯ ಗೊರಗೊರ ನಿಂತಿತು.

ಮೇಘಾ ಬದುಕಿದಳು.

ಮರುದಿನ ತಪಾಸಣೆಯವರ ಮುಂದೆ ಎಲ್ಲವನ್ನೂ ಬರೆದುಕೊಟ್ಟೆ. ಆಮ್ರಪಾಲಿಯ ಹಳೆಯ ನಮೂನೆ ಹಿಡಿದು ಮೂಡಲಗಿಗೆ ಹೋದೆ. ನಾನು ಹೇಳಿದ್ದನ್ನೆಲ್ಲ ಸತ್ತೆವ್ವ ಹೊಸ್ತಿಲಲ್ಲಿ ನಿಂತೇ ಕೇಳಿಸಿಕೊಂಡಳು. ಅಳಲಿಲ್ಲ. ಬೈಯಲೂ ಇಲ್ಲ.

“ಕಣ್ಣ ನೋಡಿದ್ರಿ, ನಾಡಿ ನೋಡಿದ್ರಿ. ನನ್ನ ಮಗಳನ್ನ ಒಂದ ಮಾತ ಕೇಳಿದ್ರೇನ್ರಿ?”

ಕೇಳಿರಲಿಲ್ಲ. ನಮೂನೆಯಲ್ಲಿ ಅದಕ್ಕೆ ಕಾಲಮ್ಮಿರಲಿಲ್ಲ.