ಇಪ್ಪತ್ತು ನಿಮಿಷ ನಗಬಾರದು

ಮೊದಲ ದಿನ ನಾನು ಬಡ್ಸ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಕುರ್ಚಿಯಲ್ಲಿ ಕೂತಿದ್ದವನು ತಲೆ ಓರೆ ಮಾಡಿ ಕಿವಿಯನ್ನು ನನ್ನ ಮುಂದೆ ಒಡ್ಡಿದ.

"ಮನೇಲೇ ಕ್ಲೀನ್ ಮಾಡ್ಕೊಂಡು ಬಂದಿದೀನಿ ಮೇಡಂ. ಆದ್ರೂ ಒಂದ್ಸಲ ನೋಡ್ಬಿಡಿ."

ಇದು ಕಿವಿಗಲ್ಲ, ಮುಖಕ್ಕೆ ಎಂದೆ. ಆ ಕಿವಿ ಕೆಂಪಗಾದದ್ದನ್ನು ನೋಡಿ ನನಗೆ ನಗು ಬಂತು. ಆ ಮೇಕಪ್ ರೂಮಿನಲ್ಲಿ ನನಗೆ ನಗು ಬಂದು ಬಹಳ ದಿನಗಳಾಗಿದ್ದವು.

ನಾನು ಸೀರಿಯಲ್ಲಿಗೆ ಮೇಕಪ್ ಮಾಡುವವಳು. ಎಪ್ಪತ್ತರ ತಾತನ ಪಾತ್ರ ಮಾಡುತ್ತಿದ್ದ ಹಿರಿಯರು ಡೈರೆಕ್ಟರ್ ಮೇಲೆ ಮುನಿಸಿಕೊಂಡು ಎದ್ದು ಹೋಗಿದ್ದರು. ಅದೇ ಎತ್ತರ, ಅದೇ ದಪ್ಪ ದನಿಯವನು ಅಂತ ಸಿಕ್ಕಿದ್ದು ಇವನೊಬ್ಬ. ವಯಸ್ಸು ಮಾತ್ರ ಮೂವತ್ತೆಂಟು. ಉಳಿದ ಮೂವತ್ತೆರಡು ವರ್ಷಗಳನ್ನು ದಿನಾ ಬೆಳಿಗ್ಗೆ ನಾನು ಸೇರಿಸಬೇಕಿತ್ತು. ವಾರ ಕಳೆಯುವಷ್ಟರಲ್ಲಿ ಸೆಟ್ಟಿನವರೆಲ್ಲ ಅವನನ್ನು ತಾತ ಎಂದೇ ಕರೆಯತೊಡಗಿದರು, ನಾನೂ ಸೇರಿ.

ಸುಕ್ಕು ಬರೆಯಲು ಬ್ರಶ್ಶಿಗಿಂತ ಬಡ್ಸ್ ವಾಸಿ. ಒಂದು ತುದಿಗೆ ಕಂದು ಬಣ್ಣ ತಾಗಿಸಿ ಗೆರೆ ಎಳೆದು, ಒಣಗಿದ ಇನ್ನೊಂದು ತುದಿಯಿಂದ ಅಂಚನ್ನು ತೀಡಿದರೆ ಚರ್ಮವೇ ಮಡಚಿಕೊಂಡಂತೆ ಕಾಣುತ್ತದೆ. ಬೆರಳು ಮಾತ್ರ ತಾಗಿಸಬಾರದು, ಬೆರಳಿನ ಬಿಸಿಗೆ ಬಣ್ಣ ಕದಡುತ್ತದೆ. ಎಲ್ಲಿ ಎಳೆಯಬೇಕು ಅನ್ನುವುದನ್ನು ಮುಖವೇ ಹೇಳುತ್ತದೆ. ಹುಬ್ಬು ಗಂಟಿಕ್ಕಿ, ನಗಿ, ಕಣ್ಣು ಕಿರಿದು ಮಾಡಿ ಎನ್ನುತ್ತಿದ್ದೆ. ಎಲ್ಲಿ ಮಡಿಕೆ ಬೀಳುತ್ತದೋ ನಾಳೆ ಮುಪ್ಪು ಬಂದು ಕೂರುವುದೂ ಅಲ್ಲೇ. ಹಾಗಾಗಿ ನಾನು ಬರೆದದ್ದು ಅವನದೇ ಮುಖ, ಮೂವತ್ತು ವರ್ಷ ಮೊದಲೇ ಬಂದದ್ದು.

ಕೊನೆಗೆ ಗೋಂದಿನಂಥ ಒಂದು ದ್ರವ ಹಚ್ಚಬೇಕು. ಅದು ಒಣಗುವವರೆಗೆ, ಅಂದರೆ ಇಪ್ಪತ್ತು ನಿಮಿಷ, ಮಾತಾಡುವಂತಿಲ್ಲ, ನಗುವಂತಿಲ್ಲ. ನಕ್ಕರೆ ಗೆರೆಯೆಲ್ಲ ಒಡೆಯುತ್ತದೆ. ನಾನು ಅವನ ಎಡಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಪುಟ್ಟ ಫ್ಯಾನ್ ಹಿಡಿದು ಕೂರುತ್ತಿದ್ದೆ. ಎದುರುತ್ತರ ಕೊಡಲಾಗದ ಗಂಡಸು ಕೈಗೆ ಸಿಕ್ಕರೆ ಯಾರು ಬಿಡುತ್ತಾರೆ ಹೇಳಿ. ಆರು ವರ್ಷ ನಾನು ಮಾತಾಡಿದೆ.

ಮಾತಾಡಲು ನನಗೆ ಬೇರೆ ಯಾರೂ ಇರಲಿಲ್ಲ ಅನ್ನುವುದು ನಿಜವಾದ ಸಂಗತಿ. ನನಗೀಗ ನಲವತ್ತೊಂದು. ಒಂದು ರೂಮು, ಒಂದು ತಟ್ಟೆ, ಒಂದು ಲೋಟ. ಭಾನುವಾರವಿಡೀ ಬಾಯಿ ತೆರೆಯದ್ದರಿಂದ ಸೋಮವಾರದ ನನ್ನ ಮೊದಲ ಮಾತು ಯಾವಾಗಲೂ ಗೊಗ್ಗರಾಗಿ ಹೊರಡುತ್ತಿತ್ತು. ಇದನ್ನೆಲ್ಲ ನಾನು ಅವನಿಗೆ ತಮಾಷೆಯಾಗಿಯೇ ಹೇಳುತ್ತಿದ್ದೆ. "ನಗಬೇಡಿ ತಾತ, ಕೆಲಸ ಕೆಡುತ್ತೆ" ಎಂದು ಗದರಿಸಿ ಇನ್ನೂ ನಗಿಸುತ್ತಿದ್ದೆ. ಅವನ ತುಟಿ ಕಲ್ಲಿನಂತಿರುತ್ತಿತ್ತು. ಕಣ್ಣು ಮಾತ್ರ ನನ್ನ ಕಡೆ ವಾಲಿ ಮಿನುಗುತ್ತಿತ್ತು.

ಒಂದು ಸಲ ನನ್ನ ಬಚ್ಚಲಿನ ಚಿಲಕ ಕೆಟ್ಟು, ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಒಳಗೇ ಸಿಕ್ಕಿಹಾಕಿಕೊಂಡಿದ್ದೆ. ಯಾರೂ ಹುಡುಕಲಿಲ್ಲ. ಸೋಪಿನ ಪೊಟ್ಟಣದ ಮೇಲಿದ್ದದ್ದನ್ನೆಲ್ಲ ಬಾಯಿಪಾಠ ಮಾಡಿ, ಕೊನೆಗೆ ಬಕೆಟ್ಟಿನಿಂದ ಗುದ್ದಿ ಬಾಗಿಲು ಮುರಿದೆ. ಇದನ್ನೂ ನಗಿಸಲೆಂದೇ ಹೇಳಿದ್ದೆ, ಆ ದಿನ ಅವನ ಕಣ್ಣು ನಗಲಿಲ್ಲ. ಮರುದಿನ ಮೇಕಪ್ ಟೇಬಲ್ಲಿನ ಮೇಲೆ ಒಂದು ಹೊಸ ಚಿಲಕ, ನಾಲ್ಕು ಸ್ಕ್ರೂ ಇದ್ದವು. ಇದನ್ನು ಹೊರಗಡೆಯಿಂದಲೂ ತೆಗೆಯಬಹುದು ಎಂದ. ಹೊರಗಡೆ ಯಾರಿರುತ್ತಾರೆ ಎಂದು ನಾನು ಕೇಳಲಿಲ್ಲ.

ಅವನ ಮನೆಯಲ್ಲಿ ಯಾರಿದ್ದಾರೆ ಎಂದೂ ಕೇಳಲಿಲ್ಲ. ಹೆಂಡತಿ ಅನ್ನುವ ಒಂದು ಮಾತು ಅವನ ಬಾಯಿಂದ ಬಂದರೆ ನನ್ನ ಇಪ್ಪತ್ತು ನಿಮಿಷಗಳು ಅಲ್ಲಿಗೆ ಮುಗಿದಂತೆ. ಸೆಟ್ಟಿನಲ್ಲಿ ಯಾರಾದರೂ ಅವನ ವಿಷಯ ಎತ್ತಿದರೆ ಎದ್ದು ಹೋಗುತ್ತಿದ್ದೆ. ನಾನು ಅವನಿಗೆ ಮನಸೋತಿದ್ದೆ, ಅದನ್ನು ಮುಚ್ಚಿಡುವುದರಲ್ಲಿ ಏನೂ ಇಲ್ಲ. ಮುಚ್ಚಿಟ್ಟದ್ದು ಅವನೊಬ್ಬನಿಂದ. ಅವನೊಡನೆ ಜಗಳವಾಡಲು ಒಂದೇ ಒಂದು ನೆಪವಿತ್ತು. ಶೂಟಿಂಗ್ ಮುಗಿದ ಮೇಲೆ ಅವನೇ ಮುಖ ತೊಳೆದುಕೊಳ್ಳುತ್ತಿದ್ದ, ಎಡಗಣ್ಣಿನ ಮೂಲೆಯಲ್ಲಿ ದಿನವೂ ಬಣ್ಣ ಉಳಿಸಿಕೊಂಡು ಬರುತ್ತಿದ್ದ. ಸೋಮಾರಿ ಎಂದು ಬೈದು, ನಾನು ಅದರ ಮೇಲೇ ಹೊಸ ಗೆರೆ ಎಳೆಯುತ್ತಿದ್ದೆ. ಅವನು ಸುಮ್ಮನೆ ಬೈಸಿಕೊಳ್ಳುತ್ತಿದ್ದ.

ಹೋದ ಸೋಮವಾರ ಡೈರೆಕ್ಟರ್ ಬಂದು, ಶುಕ್ರವಾರ ತಾತ ಸಾಯುತ್ತಾನೆ ಎಂದು ಹೇಳಿ ಟೀ ಹೀರುತ್ತಾ ಹೋದರು. ಅವನಿಗೆ ಬೇರೆ ಊರಿನಲ್ಲಿ, ಮೇಕಪ್ಪೇ ಬೇಡದ ಪಾತ್ರವೊಂದು ಸಿಕ್ಕಿದೆ, ಶುಕ್ರವಾರ ಸಂಜೆಯೊಳಗೆ ಒಪ್ಪಿಗೆ ಹೇಳಬೇಕಂತೆ ಎಂದು ಅವತ್ತೇ ತಿಳಿಯಿತು. ಆ ವಾರ ಇಪ್ಪತ್ತು ನಿಮಿಷಗಳಲ್ಲಿ ನಾನೊಂದು ಮಾತೂ ಆಡಲಿಲ್ಲ. ಫ್ಯಾನಿನ ಸದ್ದೊಂದೇ ಇತ್ತು. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಶುಕ್ರವಾರ ಮೂರು ಗಂಟೆಗೆ ತಾತ ಸತ್ತ. ಇವತ್ತು ಬಣ್ಣ ನಾನೇ ತೆಗೆಯುತ್ತೇನೆ ಎಂದು ಕೂರಿಸಿಕೊಂಡೆ. ಬಡ್ಸನ್ನು ಎಣ್ಣೆಯಲ್ಲಿ ಅದ್ದಿ ಹಣೆಯಿಂದ ಶುರು ಮಾಡಿದೆ. ಹತ್ತು ನಿಮಿಷದ ಕೆಲಸವನ್ನು ಅರ್ಧ ಗಂಟೆ ಎಳೆದೆ. ಒಂದೊಂದೇ ಗೆರೆ ಹೋದಂತೆ ನನಗೆ ಗೊತ್ತಿದ್ದ ಮುದುಕ ಹೋಗುತ್ತಿದ್ದ, ಊರು ಬಿಟ್ಟು ಹೊರಟ ನಲವತ್ತನಾಲ್ಕರ ಒಬ್ಬ ಗಂಡಸು ಉಳಿಯುತ್ತಿದ್ದ.

ಎಡಗಣ್ಣಿನ ಮೂಲೆಯ ಗೆರೆ ಮಾತ್ರ ಹೋಗಲಿಲ್ಲ. ಇನ್ನೊಂದು ಬಡ್ಸ್ ತೆಗೆದುಕೊಂಡೆ, ಮತ್ತೊಂದು ತೆಗೆದುಕೊಂಡೆ. ಚರ್ಮ ಕೆಂಪಾಯಿತು.

"ಬಿಡಿ ಮೇಡಂ. ಅದು ನೀವು ಬರೆದದ್ದಲ್ಲ, ನನ್ನದೇ."

ಬಗ್ಗಿ ನೋಡಿದೆ. ನಿಜವಾದ ಸುಕ್ಕು. ಎಷ್ಟೋ ದಿನದಿಂದ ನಾನು ಬೈದದ್ದು ಅದಕ್ಕೇ.

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ನೀವು ಬೈಯೋದು ನಿಲ್ಲಿಸಿಬಿಡ್ತೀರಿ ಅಂತ."

ಬಲಗಣ್ಣನ್ನೂ ನೋಡಿದೆ. ಅಲ್ಲಿ ನುಣ್ಣಗಿತ್ತು. ಒಂದೇ ಕಡೆ ಯಾಕೆ ಎಂದು ಕೇಳಿದೆ.

"ನೀವು ಆ ಕಡೆ ಕೂತ್ಕೊಳ್ತೀರಲ್ಲ" ಎಂದ. "ತುಟಿ ಅಲ್ಲಾಡಿಸೋ ಹಾಗಿಲ್ಲ. ಬರೀ ಆ ಮೂಲೇಲೇ ನಕ್ಕಿದೀನಿ, ಆರು ವರ್ಷ."

ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ ಆಗ ತಾನಾಗಿ ಬಾಯಿಗೆ ಬಂತು. ಮನೆಯಲ್ಲಿ ಯಾರಿದ್ದಾರೆ ಎಂದೆ. ಅಕ್ಕ, ಭಾವ, ಮಹಡಿಯ ಮೇಲೆ ತನ್ನದೊಂದು ರೂಮು, ಅಷ್ಟೇ ಎಂದ. ಊಟಕ್ಕೆ ಕೆಳಗಿಳಿದರೆ ಅಕ್ಕ ಭಾವ ಟೀವಿಯಲ್ಲಿನ ತಾತನ ಜೊತೆ ಕೂತಿರುತ್ತಾರೆ, ಪಕ್ಕದಲ್ಲಿರುವ ತನ್ನ ಕಡೆ ತಿರುಗುವುದಿಲ್ಲ ಎಂದ. ಅವನ ರೂಮಿನಲ್ಲೂ ಒಂದೇ ಲೋಟವಿರಬಹುದು ಎಂದು ನನಗೆ ಈವರೆಗೆ ಹೊಳೆದೇ ಇರಲಿಲ್ಲ.

"ಎಪ್ಪತ್ತಕ್ಕೆ ನಾನು ಹೇಗಿರ್ತೀನಿ ಅಂತ ಗೊತ್ತಿರೋದು ನಿಮಗೊಬ್ರಿಗೇ" ಎಂದ ಅವನು. "ಬರೆದದ್ದು ಸರಿ ಇತ್ತಾ ಇಲ್ವಾ ಅಂತ ಆಗ ಪಕ್ಕದಲ್ಲಿದ್ದು ನೋಡ್ಬೇಡ್ವಾ?"

ಬಡ್ಸ್ ಕೆಳಗಿಟ್ಟೆ. ಆರು ವರ್ಷಗಳಲ್ಲಿ ಮೊದಲ ಸಲ ಅವನ ಮುಖದ ಮೇಲೆ, ಆ ಗೆರೆಯ ಮೇಲೆ, ಬೆರಳಿಟ್ಟೆ. ಬೆರಳಿನ ಬಿಸಿಗೆ ಅದು ಕದಡಲಿಲ್ಲ.

ಅವನು ಫೋನ್ ತೆಗೆದು ಆ ಊರಿನವರಿಗೆ ಬರಲಾಗುವುದಿಲ್ಲ ಎಂದು ಎರಡು ಮಾತಿನಲ್ಲಿ ಮುಗಿಸಿದ. ಆಮೇಲೆ ಆ ಚಿಲಕ ಹಾಕಿಸಿದಿರಾ ಎಂದು ಕೇಳಿದ.

"ಇಲ್ಲ" ಎಂದೆ. "ಹೊರಗಡೆಯಿಂದ ತೆಗೆಯೋರು ಯಾರೂ ಇರಲಿಲ್ಲವಲ್ಲ."

"ಸ್ಕ್ರೂಡ್ರೈವರ್ ನನ್ನ ಬ್ಯಾಗಲ್ಲೇ ಇದೆ" ಎಂದು ಅವನು ಎದ್ದು ನಿಂತ.